ಲೂಪ್ ತಪಾಸಣೆ ಮತ್ತು ಗುತ್ತಿಗೆದಾರರ ನಿರ್ವಹಣೆ

ಲೂಪ್ ತಪಾಸಣೆ ಎಂಬುದು ತೈಲ ಶುದ್ಧೀಕರಣಾಗಾರ, ವಿದ್ಯುತ್ ಸ್ಥಾವರ, ರಸಗೊಬ್ಬರ ಕಾರ್ಖಾನೆ ಮೊದಲಾದ ಕೈಗಾರಿಕಾ ಯೋಜನೆಗಳಲ್ಲಿ ಉಪಕರಣಗಳ ಜೋಡಣೆ ಮುಗಿದ ಬಳಿಕ, ಸ್ಥಾವರವನ್ನು ಚಾಲನೆಗೊಳಿಸುವ ಮುನ್ನ ನಡೆಯುವ ಪರೀಕ್ಷೆ. ಅಳತೆಯ ಉಪಕರಣದಿಂದ ಹೊರಟ ಸಂಕೇತವು ಕೇಬಲ್, ಜಂಕ್ಷನ್ ಬಾಕ್ಸ್ ಮತ್ತು ನಿಯಂತ್ರಣ ವ್ಯವಸ್ಥೆಯ ಮೂಲಕ ಹಾದು ನಿಯಂತ್ರಣ ಕೊಠಡಿಯ ಪರದೆಯನ್ನು ತಲುಪುವ, ಅಲ್ಲಿಂದ ಕವಾಟದವರೆಗೆ ಮರಳುವ ಇಡೀ ಹಾದಿಗೆ ‘ಲೂಪ್’ ಎಂದು ಹೆಸರು. ದೊಡ್ಡ ಯೋಜನೆಯೊಂದರಲ್ಲಿ ಇಂತಹ ಲೂಪ್‌ಗಳು ಸಾವಿರಾರು ಇರುತ್ತವೆ. ಅವನ್ನು ಜೋಡಿಸುವವರೂ ಪರೀಕ್ಷಿಸುವವರೂ ಬಹುಮಟ್ಟಿಗೆ ಗುತ್ತಿಗೆದಾರರೇ ಆಗಿರುವುದರಿಂದ, ತಪಾಸಣೆಯ ಗುಣಮಟ್ಟವು ಅವರ ಕೆಲಸವನ್ನು ಹೇಗೆ ಹಂಚಲಾಗಿದೆ, ಹೇಗೆ ಅಳೆಯಲಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಈ ಕಾರ್ಯಕ್ಕೆ ಐಇಸಿ 62382 ಎಂಬ ಅಂತರರಾಷ್ಟ್ರೀಯ ಮಾನಕವಿದ್ದು, ಅದು ಮೊದಲು 2006ರಲ್ಲಿ ಪ್ರಕಟವಾಯಿತು.

ಪರೀಕ್ಷೆಯ ಸ್ವರೂಪ

ಸಾಮಾನ್ಯವಾಗಿ ಒಬ್ಬ ತಂತ್ರಜ್ಞ ಉಪಕರಣದ ಬಳಿಯೂ ಇನ್ನೊಬ್ಬ ನಿಯಂತ್ರಣ ಕೊಠಡಿಯಲ್ಲೂ ನಿಂತು ವಾಕಿಟಾಕಿಯ ಮೂಲಕ ಮಾತನಾಡುತ್ತಾರೆ. 4ರಿಂದ 20 ಮಿಲಿಆಂಪಿಯರ್ ಸಂಕೇತದ ಲೂಪ್‌ನಲ್ಲಿ 4, 8, 12, 16 ಮತ್ತು 20 ಮಿಲಿಆಂಪಿಯರ್ ಮೌಲ್ಯಗಳನ್ನು ನೀಡಿ, ಪರದೆಯ ಮೇಲೆ ಕ್ರಮವಾಗಿ ವ್ಯಾಪ್ತಿಯ ಶೇಕಡಾ 0, 25, 50, 75 ಮತ್ತು 100 ಕಾಣುತ್ತದೆಯೇ ಎಂದು ನೋಡಲಾಗುತ್ತದೆ. ತಂತಿಗಳ ಧ್ರುವ ಅದಲುಬದಲಾಗಿರುವುದು, ಟ್ರಾನ್ಸ್‌ಮಿಟರಿನಲ್ಲಿ ಒಂದು ವ್ಯಾಪ್ತಿ, ಪರದೆಯಲ್ಲಿ ಮತ್ತೊಂದು ವ್ಯಾಪ್ತಿ ಇರುವುದು, ಗಾಳಿಯ ಒತ್ತಡ ತಪ್ಪಿದಾಗ ಮುಚ್ಚಿಕೊಳ್ಳಬೇಕಾದ ಕವಾಟ ತೆರೆದುಕೊಳ್ಳುವುದು ಇವೆಲ್ಲ ಈ ಹಂತದಲ್ಲಿ ಪದೇ ಪದೇ ಸಿಗುವ ದೋಷಗಳು.

ಸಂಕೇತವನ್ನು ಎಲ್ಲಿಂದ ನೀಡಲಾಯಿತು ಎಂಬುದು ಇಲ್ಲಿ ಮುಖ್ಯ. ಕೈಪಂಪಿನಿಂದ ಒತ್ತಡ ನೀಡಿದರೆ ಟ್ರಾನ್ಸ್‌ಮಿಟರಿನ ಸಂವೇದಕವೂ ಪರೀಕ್ಷೆಗೆ ಒಳಪಡುತ್ತದೆ. ಹಾರ್ಟ್ ಸಂವಹನ ಸಾಧನದಿಂದ ಟ್ರಾನ್ಸ್‌ಮಿಟರಿಗೆ ‘12 ಮಿಲಿಆಂಪಿಯರ್ ಕೊಡು’ ಎಂದು ಆದೇಶಿಸಿದರೆ ತಂತಿಯ ಹಾದಿ ಮಾತ್ರ ಪರೀಕ್ಷೆಯಾಗುತ್ತದೆ. ಸಂವೇದಕ ಕೆಟ್ಟಿದ್ದರೂ ಫಲಿತಾಂಶ ಸರಿಯಾಗಿಯೇ ಬರುತ್ತದೆ. ಎರಡನೆಯ ವಿಧಾನ ಶೀಘ್ರವಾದುದು. ಆದಕಾರಣ ಯಾವ ಲೂಪಿಗೆ ಯಾವ ವಿಧಾನ ಎಂಬುದನ್ನು ಗುತ್ತಿಗೆಯ ಕರಾರಿನಲ್ಲೇ ಬರೆಯದಿದ್ದರೆ, ಗುತ್ತಿಗೆದಾರನು ಶೀಘ್ರವಾದುದನ್ನೇ ಆರಿಸಿಕೊಳ್ಳುವುದು ಸಹಜ.

ಹೊಣೆಯ ಹಂಚಿಕೆ

ಒಂದೇ ಲೂಪಿನಲ್ಲಿ ಹಲವರ ಕೆಲಸ ಬೆರೆತಿರುತ್ತದೆ. ಉಪಕರಣವನ್ನು ನಿಲ್ಲಿಸಿ ಕೇಬಲ್ ಎಳೆದವನು ಒಬ್ಬ ಗುತ್ತಿಗೆದಾರ. ನಿಯಂತ್ರಣ ವ್ಯವಸ್ಥೆಯನ್ನು ಪೂರೈಸಿದ್ದು ಮತ್ತೊಂದು ಸಂಸ್ಥೆ. ಮೋಟಾರಿನ ಸಂಕೇತಗಳಿದ್ದರೆ ವಿದ್ಯುತ್ ಗುತ್ತಿಗೆದಾರನೂ ಸೇರುತ್ತಾನೆ. ಸಂಕೇತ ಪರದೆಗೆ ಬಾರದಿದ್ದಾಗ ದೋಷ ತನ್ನ ಕಡೆಯದಲ್ಲವೆಂದು ಪ್ರತಿಯೊಬ್ಬರೂ ಹೇಳುತ್ತಾರೆ, ಮತ್ತು ದಿನವೊಂದು ವಾದದಲ್ಲೇ ಕಳೆಯುತ್ತದೆ. ಇದನ್ನು ತಡೆಯಲು ಯಾವ ಟರ್ಮಿನಲ್‌ವರೆಗೆ ಯಾರ ಹೊಣೆ ಎಂಬ ಗಡಿಯನ್ನು ಮೊದಲೇ ಗುರುತಿಸಿ, ಮೂರೂ ಪಕ್ಷಗಳ ಒಬ್ಬೊಬ್ಬರನ್ನು ಒಂದೇ ತಂಡದಲ್ಲಿ ಕೂಡಿಸುವುದು ರೂಢಿ.

ಪ್ರತಿ ಲೂಪಿಗೂ ಒಂದು ಕಡತವಿರುತ್ತದೆ. ಅದರಲ್ಲಿ ಲೂಪ್ ನಕ್ಷೆ, ಉಪಕರಣದ ದತ್ತಾಂಶ ಪತ್ರ, ಕ್ಯಾಲಿಬ್ರೇಷನ್ ಪ್ರಮಾಣಪತ್ರ ಹಾಗೂ ಕೇಬಲ್ ನಿರೋಧಕ ಪರೀಕ್ಷೆಯ ವರದಿ ಇರಬೇಕು. ಕಡತ ಅಪೂರ್ಣವಾಗಿರುವ ಲೂಪನ್ನು ತಪಾಸಣೆಗೆ ತೆಗೆದುಕೊಳ್ಳದಿರುವುದು ಕಠಿಣವೆಂದು ತೋರಿದರೂ, ಅಂತಿಮವಾಗಿ ಸಮಯ ಉಳಿಸುವ ನಿಯಮ ಅದೇ.

ಪಾವತಿ ಮತ್ತು ಸಹಿ

ಮುಗಿದ ಲೂಪ್‌ಗಳ ಎಣಿಕೆಯ ಮೇಲೆ ಹಣ ಪಾವತಿಸುವ ಪದ್ಧತಿ ಸರಳವಾದುದು, ಅಪಾಯಕಾರಿಯೂ ಹೌದು. ಸುಲಭ ಲೂಪ್‌ಗಳು ಮೊದಲು ಮುಗಿದು ಪ್ರಗತಿಯ ರೇಖೆ ಏರುತ್ತದೆ. ಕ್ಲಿಷ್ಟವಾದವು, ಅಂದರೆ ಸುರಕ್ಷತಾ ವ್ಯವಸ್ಥೆಗೆ ಸೇರಿದವು, ಕೊನೆಯ ವಾರಕ್ಕೆ ಉಳಿಯುತ್ತವೆ. ಸ್ಥಾವರವನ್ನು ಚಾಲನೆಗೊಳಿಸುವ ಕ್ರಮದಲ್ಲೇ ಲೂಪ್‌ಗಳನ್ನು ಗುಂಪುಗೂಡಿಸಿ, ಗುಂಪು ಪೂರ್ಣಗೊಂಡಾಗ ಮಾತ್ರ ಹಣ ಬಿಡುಗಡೆ ಮಾಡುವುದು ಇದಕ್ಕೆ ಒಂದು ಪರಿಹಾರ. ಉಳಿದ ಲೋಪಗಳನ್ನು ‘ಪಂಚ್ ಪಟ್ಟಿ’ಯಲ್ಲಿ ಬರೆದು, ಚಾಲನೆಗೆ ಮುನ್ನ ಸರಿಪಡಿಸಲೇಬೇಕಾದವು ಮತ್ತು ನಂತರವೂ ಸರಿಪಡಿಸಬಹುದಾದವು ಎಂದು ವಿಂಗಡಿಸಲಾಗುತ್ತದೆ. ಈ ವಿಂಗಡಣೆಯ ಅಧಿಕಾರ ಗುತ್ತಿಗೆದಾರನ ಕೈಯಲ್ಲಿರಬಾರದು.

ಪರೀಕ್ಷೆ ಇಲ್ಲದ ಸಹಿಯ ಬೆಲೆಯೇನೆಂಬುದಕ್ಕೆ ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿನ ಬಿಪಿ ತೈಲ ಶುದ್ಧೀಕರಣಾಗಾರದ ದುರಂತ ಉದಾಹರಣೆ. ಅದು ಹೊಸ ಯೋಜನೆಯಲ್ಲ, ದುರಸ್ತಿಯ ಬಳಿಕ ಘಟಕವೊಂದನ್ನು ಮರುಚಾಲನೆಗೊಳಿಸುವ ಸಂದರ್ಭ. ಮುಂಚಿತವಾಗಿ ನಡೆಯಬೇಕಿದ್ದ ಉಪಕರಣ ತಪಾಸಣೆ ಪೂರ್ಣಗೊಂಡಿರಲಿಲ್ಲ. ಆದರೂ ದಾಖಲೆಯಲ್ಲಿ ಪೂರ್ಣಗೊಂಡಿದೆಯೆಂದು ಸಹಿ ಬಿದ್ದಿತ್ತು. 2005ರ ಮಾರ್ಚ್ 23ರಂದು ಆಸವನ ಗೋಪುರದೊಳಗೆ ದ್ರವವು ಸುಮಾರು 48 ಮೀಟರ್ ಎತ್ತರಕ್ಕೆ ಏರಿದ್ದಾಗ, ತಪ್ಪಾಗಿ ಕ್ಯಾಲಿಬ್ರೇಷನ್ ಆಗಿದ್ದ ಮಟ್ಟಸೂಚಕ 3 ಮೀಟರಿಗೂ ಕಡಿಮೆ ತೋರಿಸುತ್ತಿತ್ತು. ಪ್ರತ್ಯೇಕವಾಗಿದ್ದ ಮೇಲ್ಮಟ್ಟದ ಎಚ್ಚರಿಕೆಯೂ ಮೊಳಗಲಿಲ್ಲ. ಸ್ಫೋಟದಲ್ಲಿ ಮಡಿದ 15 ಮಂದಿಯೂ ಗುತ್ತಿಗೆ ಕೆಲಸಗಾರರು; ಸಮೀಪದ ತಾತ್ಕಾಲಿಕ ಕಚೇರಿಗಳಲ್ಲಿ ಹಾಗೂ ಅವುಗಳ ಸುತ್ತಮುತ್ತ ಇದ್ದವರು. ಎಚ್ಚರಿಕೆ ಕೆಟ್ಟಿದೆಯೆಂಬುದನ್ನು ತಿಳಿಯುವ ದಾರಿಯೇ ಅವರಿಗಿರಲಿಲ್ಲ.

ಸಹಿಯ ನಂತರ

ತಪಾಸಣೆ ಮುಗಿದ ಲೂಪ್ ಹಾಗೆಯೇ ಉಳಿಯುತ್ತದೆಂಬ ಖಾತರಿಯಿಲ್ಲ. ಬಣ್ಣ ಬಳಿಯುವವರು, ಉಷ್ಣನಿರೋಧಕ ಹೊದಿಕೆ ಹಾಕುವವರು, ಕೊಳವೆ ಜೋಡಿಸುವವರು ಅದೇ ಜಾಗದಲ್ಲಿ ಕೆಲಸ ಮುಂದುವರಿಸುತ್ತಾರೆ. ಅಡ್ಡ ಬಂದ ಉಪಕರಣವನ್ನು ಬಿಚ್ಚಿ ಪಕ್ಕಕ್ಕಿಡುವುದೂ ಉಂಟು. ಇದಕ್ಕಾಗಿ ಪರೀಕ್ಷಿತ ಉಪಕರಣಕ್ಕೆ ಬಣ್ಣದ ಚೀಟಿ ಕಟ್ಟಿ, ಅನುಮತಿ ಪತ್ರವಿಲ್ಲದೆ ಅದರ ಟರ್ಮಿನಲ್ ಮುಟ್ಟಬಾರದೆಂದು ಎಲ್ಲ ಗುತ್ತಿಗೆದಾರರಿಗೂ ವಿಧಿಸಲಾಗುತ್ತದೆ. ಬಿಚ್ಚಿದ್ದು ಕಂಡುಬಂದರೆ ಹಳೆಯ ಸಹಿ ರದ್ದಾಗಿ ಲೂಪನ್ನು ಮರುಪರೀಕ್ಷಿಸಬೇಕು. ಪರೀಕ್ಷೆಯ ವೇಳೆ ನಿಯಂತ್ರಣ ವ್ಯವಸ್ಥೆಯಲ್ಲಿ ತಾತ್ಕಾಲಿಕವಾಗಿ ಹೇರಿದ ಕೃತಕ ಮೌಲ್ಯಗಳಿಗೂ ಒಂದು ದಾಖಲೆ ಪುಸ್ತಕ ಅಗತ್ಯ. ಹೇರಿದವರ ಹೆಸರು, ಸಮಯ ಮತ್ತು ತೆಗೆದವರ ಹೆಸರು ಅದರಲ್ಲಿರುತ್ತವೆ. ಆ ಪುಸ್ತಕದಲ್ಲಿ ತೆರೆದ ನಮೂದು ಒಂದೇ ಒಂದು ಉಳಿದಿದ್ದರೂ ಆ ಘಟಕವನ್ನು ಚಾಲನಾ ತಂಡ ವಹಿಸಿಕೊಳ್ಳಬಾರದು.