ಕಾಳಗದ ಮರುದಿನ

ಬೆಟ್ಟವೊಂದನ್ನು ಅಂಗೈಯಲ್ಲಿ ಎತ್ತಿಕೊಂಡು ಮುಗಿಲಿನಲ್ಲಿ ಹಾರುವ ಹನುಮಂತನ ಪಟವನ್ನು ಕಾಣದವರು ನಮ್ಮಲ್ಲಿ ಇರಲಾರರು. ನಾನಿರುವ ರಾಜಾಜಿನಗರದಿಂದ ಕೆಂಗೇರಿಯವರೆಗೆ ನಡೆದು ಹೋದರೆ ಗುಡಿಯ ಗೋಡೆಗಳ ಮೇಲೆ, ಅಂಗಡಿಗಳ ಕ್ಯಾಲೆಂಡರುಗಳ ಮೇಲೆ ಅದು ಮತ್ತೆ ಮತ್ತೆ ಎದುರಾಗುತ್ತದೆ. ಆದರೆ ನಮ್ಮ ಕಣ್ಣು ನಿಲ್ಲುವುದು ಬೆಟ್ಟ ಹೊತ್ತವನ ಮೇಲೆ. ಹೊತ್ತದ್ದು ಯಾರಿಗಾಗಿ ಎಂದು ಮಕ್ಕಳು ಕೇಳಿದರೆ ‘ಸಂಜೀವಿನಿ, ಲಕ್ಷ್ಮಣನಿಗಾಗಿ’ ಎಂದು ಎರಡು ಮಾತಿನಲ್ಲಿ ಮುಗಿಸುತ್ತೇವೆ. ಆ ಉತ್ತರ ಅರ್ಧ ಮಾತ್ರ ನಿಜ. ಉಳಿದ ಅರ್ಧದಲ್ಲಿ, ಮಹಾಯುದ್ಧವೊಂದರ ಮರುದಿನ ಗಾಯಾಳುಗಳ ಗತಿಯೇನು ಎಂಬ ಪ್ರಶ್ನೆ ಅಡಗಿದೆ. ಇಂದು ಅದನ್ನು ಕುರಿತು ಕೆಲವು ಮಾತು.

ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇಂದ್ರಜಿತುವಿನ ಬ್ರಹ್ಮಾಸ್ತ್ರಕ್ಕೆ ರಾಮಲಕ್ಷ್ಮಣರೊಡನೆ ಕಪಿಸೇನೆಯೆಲ್ಲ ಉರುಳಿ ಬೀಳುತ್ತದೆ. ಬಿದ್ದವರ ಲೆಕ್ಕ 67 ಕೋಟಿ ಎನ್ನುತ್ತಾನೆ ಕವಿ. ಆ ರಾತ್ರಿ ವಿಭೀಷಣನೂ ಹನುಮಂತನೂ ಕೈಯಲ್ಲಿ ಕೊಳ್ಳಿ ಹಿಡಿದು, ಇನ್ನೂ ಉಸಿರಿರುವವರು ಯಾರಾದರೂ ಇದ್ದಾರೆಯೇ ಎಂದು ರಣಭೂಮಿಯಲ್ಲಿ ಹುಡುಕುತ್ತ ನಡೆಯುತ್ತಾರೆ. ಮುದುಕನಾದ ಜಾಂಬವಂತ ಮೈಯೆಲ್ಲ ಬಾಣ ನೆಟ್ಟು ಬಿದ್ದಿದ್ದಾನೆ. ಅವನಿಗೆ ಕಣ್ಣು ಕಾಣಿಸದು; ವಿಭೀಷಣನನ್ನು ದನಿಯಿಂದ ಗುರುತಿಸುತ್ತಾನೆ. ಅವನ ಮೊದಲ ಪ್ರಶ್ನೆ ‘ರಾಮನು ಬದುಕಿದ್ದಾನೆಯೇ?’ ಎಂದಲ್ಲ, ‘ಹನುಮಂತನು ಬದುಕಿದ್ದಾನೆಯೇ?’ ಎಂದು. ಅವನೊಬ್ಬ ಉಳಿದಿದ್ದರೆ ಸತ್ತ ಸೇನೆಯೂ ಸತ್ತಂತಲ್ಲ ಎಂಬುದು ಅವನ ಎಣಿಕೆ. ಗಾಯಗೊಂಡವರ ಪಾಲಿಗೆ ಅರಸನಿಗಿಂತಲೂ ಮದ್ದು ತರಬಲ್ಲವನು ಮುಖ್ಯ ಎಂಬ ಸತ್ಯವನ್ನು ಇದಕ್ಕಿಂತ ನೇರವಾಗಿ ಹೇಳುವುದು ಕಷ್ಟ.

ಜಾಂಬವಂತ ಹೇಳಿಕಳಿಸುವುದು ಒಂದು ಮೂಲಿಕೆಯನ್ನಲ್ಲ, ನಾಲ್ಕನ್ನು: ಮೃತಸಂಜೀವಿನಿ, ವಿಶಲ್ಯಕರಣಿ, ಸುವರ್ಣಕರಣಿ, ಸಂಧಾನಕರಣಿ. ಇವು ಯಾವ ಗಿಡಗಳೆಂದು ಹುಡುಕುವುದಕ್ಕಿಂತ ಹೆಸರುಗಳನ್ನು ಬಿಡಿಸಿ ನೋಡುವುದು ಹೆಚ್ಚು ಫಲಕಾರಿ. ಶಲ್ಯವೆಂದರೆ ಮೈಯೊಳಗೆ ನೆಟ್ಟು ನೋಯಿಸುವ ಬಾಣದ ಅಲಗು, ಮುಳ್ಳು, ಚೂರು. ಅದನ್ನು ಹೊರಹಾಕುವುದು ವಿಶಲ್ಯಕರಣಿ. ಸೀಳಿದ್ದನ್ನು, ಮುರಿದದ್ದನ್ನು ಕೂಡಿಸುವುದು ಸಂಧಾನಕರಣಿ. ಮಾದ ಗಾಯದ ಮೇಲೆ ಚರ್ಮದ ಬಣ್ಣವನ್ನು ಮರಳಿಸುವುದು ಸುವರ್ಣಕರಣಿ. ಜೀವವನ್ನು ಹಿಡಿದು ನಿಲ್ಲಿಸುವುದು ಸಂಜೀವಿನಿ. ಇದು ಪವಾಡದ ಭಾಷೆಯಲ್ಲ, ಕಸುಬಿನ ಭಾಷೆ. ಗಾಯದ ಮುಂದೆ ಕುಳಿತ ಶಸ್ತ್ರವೈದ್ಯನು ಮಾಡಬೇಕಾದ ಕೆಲಸಗಳ ಪಟ್ಟಿಯೇ ಇಲ್ಲಿ ಗಿಡಗಳ ಹೆಸರಾಗಿ ಚಿಗುರಿದೆ.

ಹೀಗೆನ್ನಲು ಆಧಾರವುಂಟು. ಆಯುರ್ವೇದದ ಎಂಟು ಅಂಗಗಳಲ್ಲಿ ಸುಶ್ರುತಸಂಹಿತೆ ಮೊದಲ ಸ್ಥಾನ ಕೊಡುವುದು ಶಲ್ಯತಂತ್ರಕ್ಕೆ. ಅಲ್ಲಿ ಹೇಳಿದ ಯಂತ್ರಗಳು 101, ಶಸ್ತ್ರಗಳು 20. ಇಕ್ಕಳಗಳಿಗೆ ಸಿಂಹದ ಮೋರೆಯ, ಕಾಗೆಯ ಕೊಕ್ಕಿನ ಹೆಸರುಗಳಿವೆ. ಅವುಗಳಲ್ಲಿ ಕಂಕಪಕ್ಷಿಯ ಕೊಕ್ಕಿನಂತಹ ಕಂಕಮುಖವೇ ಶ್ರೇಷ್ಠ, ಏಕೆಂದರೆ ಅದು ಸುಲಭವಾಗಿ ಒಳಹೊಕ್ಕು ಶಲ್ಯವನ್ನು ಕಚ್ಚಿಕೊಂಡು ಹಿಂದಿರುಗುತ್ತದೆ. ಆದರೆ ಎಲ್ಲ ಯಂತ್ರಗಳಿಗೂ ಮಿಗಿಲಾದದ್ದು ವೈದ್ಯನ ಕೈ ಎಂದು ಗ್ರಂಥಕಾರ ಎಚ್ಚರಿಸುತ್ತಾನೆ. ಕಬ್ಬಿಣದ ಚೂರನ್ನು ಸೂಜಿಗಲ್ಲಿನಿಂದ ಸೆಳೆಯಬಹುದು. ಎಲುಬಿನಲ್ಲಿ ನಾಟಿ ಕೈಗೆ ಬಗ್ಗದ ಬಾಣಕ್ಕೆ ಬಿಲ್ಲಿನ ಹೆದೆಯನ್ನು ಕಟ್ಟಿ, ಇನ್ನೊಂದು ತುದಿಯನ್ನು ಕುದುರೆಯ ಕಡಿವಾಣಕ್ಕೆ ಬಿಗಿದು, ಕುದುರೆಗೆ ಏಟು ಕೊಡಬೇಕು. ಅದು ತಲೆಯೆತ್ತಿದ ರಭಸಕ್ಕೆ ಬಾಣ ಕಿತ್ತು ಬರುತ್ತದೆ. ಇದು ಊಹೆಯಿಂದ ಬರೆದ ಮಾತಲ್ಲ. ಕುದುರೆಯೂ ಹೆದೆಯೂ ಸುಲಭವಾಗಿ ಕೈಗೆ ಸಿಗುವ ಜಾಗ ದಂಡಿನ ಪಾಳೆಯವಲ್ಲದೆ ಬೇರೆ ಯಾವುದು?

ಪಾಳೆಯದಲ್ಲಿ ವೈದ್ಯನ ಬಿಡಾರ ಅರಸನ ಬಿಡಾರದ ಮಗ್ಗುಲಲ್ಲೇ ಇರಬೇಕೆಂದೂ, ಅವನ ಕೀರ್ತಿ ಬಾವುಟದಂತೆ ಎದ್ದು ಕಂಡು, ವಿಷದಿಂದಲೂ ಬಾಣದಿಂದಲೂ ನೊಂದವರು ದಾರಿ ತಪ್ಪದೆ ಬರುವಂತಾಗಬೇಕೆಂದೂ ಸುಶ್ರುತಸಂಹಿತೆ ಹೇಳುತ್ತದೆ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಈ ಮಾತನ್ನು ಮರೆತಿಲ್ಲ. ಶಸ್ತ್ರ, ಯಂತ್ರ, ಔಷಧ, ಎಣ್ಣೆ, ಬಟ್ಟೆಗಳನ್ನು ಕೈಯಲ್ಲಿ ಹಿಡಿದ ವೈದ್ಯರೂ, ಅನ್ನಪಾನಗಳನ್ನು ನೋಡಿಕೊಳ್ಳುವ ಹೆಂಗಸರೂ ಸೇನೆಯ ಬೆನ್ನಿಗೆ ನಿಲ್ಲಬೇಕೆಂದು ಅದು ವಿಧಿಸುತ್ತದೆ.

ಹೀಗಿದ್ದರೂ ಕಾವ್ಯಗಳಲ್ಲಿ ಈ ಜನ ಏಕೆ ಇಷ್ಟು ವಿರಳ? ಹಿಂದೆ ತರಗತಿಯಲ್ಲಿ ರನ್ನನ ಗದಾಯುದ್ಧವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ. ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರನ್ನು ಕಂಡು ಗೋಳಾಡುತ್ತಾನೆ. ವೈರಿಯ ಮಗನಾದ ಅಭಿಮನ್ಯುವನ್ನೂ ಕೊಂಡಾಡುತ್ತಾನೆ. ‘ಅಲ್ಲಿ ನರಳುತ್ತಿದ್ದವರೂ ಇದ್ದಿರಬೇಕಲ್ಲವೇ ಸರ್, ಅವರ ಹತ್ತಿರ ಯಾರು ಕುಳಿತಿದ್ದರು?’ ಎಂದಳು ಆ ಹುಡುಗಿ. ಮಹಾಕಾವ್ಯದ ದೃಷ್ಟಿ ವೀರನ ಸಾವಿನ ಕಡೆಗೆ. ವ್ಯಾಸಭಾರತದಲ್ಲಿ ಬಾಣ ಕೀಳುವುದರಲ್ಲಿ ನುರಿತ ವೈದ್ಯರನ್ನು ದುರ್ಯೋಧನ ಕರೆತಂದಾಗ, ಶರಶಯ್ಯೆಯ ಭೀಷ್ಮ ಅವರಿಗೆ ಧನಕೊಟ್ಟು ಮರ್ಯಾದೆಯಿಂದ ಕಳುಹಿಸಿಬಿಡಿ ಎನ್ನುತ್ತಾನೆ. ಚಿಕಿತ್ಸೆಯನ್ನು ಒಲ್ಲೆನೆನ್ನುವುದು ಭೀಷ್ಮನಿಗೆ ಭೂಷಣ. ಹೆಸರಿಲ್ಲದ ಕಾಲಾಳು ಅದನ್ನು ಒಲ್ಲೆನೆನ್ನುವುದು ಹೇಗೆ?

ನಮ್ಮ ಕಲ್ಲುಗಳದೂ ಇದೇ ಕಥೆ. ಬೆಂಗಳೂರೆಂಬ ಹೆಸರು ನಮಗೆ ಮೊದಲು ದೊರೆಯುವುದು ಸುಮಾರು 890ರ ಬೇಗೂರಿನ ಶಾಸನದಲ್ಲಿ. ಅದು ಬೆಂಗಳೂರ ಕಾಳಗದಲ್ಲಿ ಮಡಿದವರ ನೆನಪಿನ ಬರಹ. ವೀರಗಲ್ಲಿನ ಕೆಳಪಟ್ಟಿಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಸತ್ತವನಿಗೆ ಸ್ವರ್ಗವುಂಟು, ಅವನ ಮನೆಯವರಿಗೆ ನೆತ್ತರುಗೊಡಗೆಯ ಹೊಲವುಂಟು. ಕೈ ಕಳೆದುಕೊಂಡು ಊರಿಗೆ ಮರಳಿದವನು ನಿಲ್ಲಲು ಆ ಮೂರು ಪಟ್ಟಿಗಳಲ್ಲಿ ಎಡೆಯಿಲ್ಲ.

ಗಾಯಾಳುವನ್ನು ಮರೆಯುವುದರಲ್ಲಿ ಅರಸರ ಹಿತವೂ ಇರುತ್ತದೆಂಬುದನ್ನು ವಾಲ್ಮೀಕಿ ಬಲ್ಲ. ಮೂಲಿಕೆಗಳ ಗಾಳಿ ಸೋಕಿ ಕಪಿಗಳೆಲ್ಲ ಎದ್ದರು, ರಾಕ್ಷಸರೇಕೆ ಏಳಲಿಲ್ಲ? ರಾಮಾಯಣದ ಪ್ರಚಲಿತ ಪಾಠ ಇದಕ್ಕೆ ಕಾರಣ ಕೊಡುತ್ತದೆ. ಸತ್ತವರ ಎಣಿಕೆ ತಿಳಿಯಬಾರದೆಂದು ರಾವಣನ ಅಪ್ಪಣೆಯಂತೆ ಬಿದ್ದ ರಾಕ್ಷಸರನ್ನು ಆಗಿಂದಾಗಲೇ ಕಡಲಿಗೆ ಎಸೆಯುತ್ತಿದ್ದರಂತೆ. ಲೆಕ್ಕವನ್ನು ಮುಚ್ಚಿಟ್ಟ ದೊರೆ ಮದ್ದಿನ ದಾರಿಯನ್ನೂ ಮುಚ್ಚಿದ. ಬೆಟ್ಟವೇ ಮನೆಯ ಬಾಗಿಲಿಗೆ ಬಂದರೂ ಅವನವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಕನ್ನಡದಲ್ಲಿ ‘ಮದ್ದು’ ಎಂದರೆ ಔಷಧವೂ ಹೌದು, ತೋಪಿಗೆ ತುಂಬುವ ಸಿಡಿಪುಡಿಯೂ ಹೌದು. ಆ ಎರಡು ಮದ್ದುಗಳೂ ಮುಖಾಮುಖಿಯಾದ ಪ್ರಸಂಗವೊಂದು ನಮ್ಮ ನಾಡಿನ ಚರಿತ್ರೆಯಲ್ಲೇ ಇದೆ. 1791ರ ಮಾರ್ಚಿನಲ್ಲಿ ಬೆಂಗಳೂರಿನ ಕೋಟೆ ಇಂಗ್ಲಿಷರ ವಶವಾಯಿತು. ಮರುವರ್ಷ ಯುದ್ಧ ಶ್ರೀರಂಗಪಟ್ಟಣದವರೆಗೆ ಬಂದಿತು. ಇಂಗ್ಲಿಷ್ ಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸಜಿ ಎಂಬಾತ ಆ ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಮುಂದೆ ಪುಣೆಯ ಸೀಮೆಯಲ್ಲಿ ಕುಂಬಾರಕುಲದ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನು ಬುಡ ಕಡಿಯದಂತೆ ಬಿಡಿಸಿ, ತಿರುಗಿಸಿ, ಹೊಸ ಮೂಗನ್ನು ಕೂಡಿಸಿದ. ಈ ವೃತ್ತಾಂತ 1794ರಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನಿನಲ್ಲಿ ಚಿತ್ರಸಮೇತ ಅಚ್ಚಾಯಿತು; ಅದರಿಂದ ಪ್ರೇರಿತನಾದ ಕಾರ್ಪ್ಯು ಎಂಬ ಶಸ್ತ್ರವೈದ್ಯ 1814ರಲ್ಲಿ ಅದೇ ಕ್ರಮವನ್ನು ಲಂಡನ್ನಿನಲ್ಲಿ ಅನುಸರಿಸಿದ. ಸಂಧಾನಕರಣಿಯೂ ಸುವರ್ಣಕರಣಿಯೂ ಬೆಟ್ಟದ ಮೇಲಿರಲಿಲ್ಲ, ಕುಂಬಾರನ ಬೆರಳುಗಳಲ್ಲಿದ್ದವು. ಕಾವಸಜಿ ನಮ್ಮ ಯಾವ ಕಾವ್ಯದ ನಾಯಕನೂ ಅಲ್ಲ. ಆದರೂ ಮೈಸೂರು ಯುದ್ಧಗಳ ಲೆಕ್ಕವಿಲ್ಲದಷ್ಟು ಗಾಯಾಳುಗಳಲ್ಲಿ, ಮತ್ತೆ ಕೂಡಿಬಂದ ಅವನ ಮುಖವೊಂದಾದರೂ ನಮಗೆ ಉಳಿದಿದೆ.

ಸಾಹಿತ್ಯಕ್ಕೆ ಈ ಕೆಲಸದಲ್ಲಿ ಪಾಲಿಲ್ಲವೆಂದು ನಾನು ಹೇಳುತ್ತಿಲ್ಲ. ಗಾಯಗೊಂಡವನ ಆರೈಕೆಯನ್ನು ವಿವರಿಸುವ ಸುಶ್ರುತನ ಅಧ್ಯಾಯದಲ್ಲಿ ಮನೆ ಶುಚಿಯಾಗಿರಬೇಕು, ಹಾಸಿಗೆ ಮೆತ್ತಗಿರಬೇಕು ಎಂಬ ವಿಧಿಗಳ ಜೊತೆಗೆ ಇನ್ನೊಂದು ವಿಧಿಯಿದೆ: ಗೆಳೆಯರು ಹತ್ತಿರ ಕುಳಿತು ಕಥೆಗಳನ್ನು ಹೇಳಬೇಕು, ಕಥೆಗಳಿಂದ ಅವರು ಗಾಯದ ನೋವನ್ನು ಬೇಗ ಚದುರಿಸುತ್ತಾರೆ. ಇಕ್ಕಳ, ಸೂಜಿ, ತುಪ್ಪ, ಬಟ್ಟೆಗಳ ನಡುವೆ ಕಥೆಯನ್ನೂ ಚಿಕಿತ್ಸೆಯ ಸಾಮಗ್ರಿಯಾಗಿ ಎಣಿಸಿದ ಆ ಶಸ್ತ್ರವೈದ್ಯ ನಮಗೆ ಕೊಟ್ಟ ಗೌರವ ದೊಡ್ಡದು. ಸತ್ತ ವೀರನಿಗೆ ಕಲ್ಲೂ ಕಾವ್ಯವೂ ಸಂದಿವೆ. ಬದುಕಿ ನರಳುವವನ ತಲೆದಿಂಬಿನ ಬಳಿ ಕುಳಿತುಕೊಳ್ಳುವುದು ಕಥೆ ಬಲ್ಲ ನಮ್ಮೆಲ್ಲರ ಪಾಲಿಗೆ ಉಳಿದ ಕೆಲಸ.