ಘಟ್ಟದ ಏರಿನಲ್ಲಿ ಜೀಪು ಕುದಿಯುತ್ತದೆಯೇ? ಮೊದಲು ಗಾಳಿಯ ದಾರಿ ನೋಡಿರಿ

ರಾಮನಗುಳಿ ದಾಟಿ ಅರಬೈಲ್ ಘಟ್ಟ ಹತ್ತಿ ಇಡಗುಂದಿಗೆ ಬರುವ ರಸ್ತೆ ಈ ಭಾಗದ ರೈತರಿಗೆ ಹೊಸದಲ್ಲ. ಬಾನೆಟ್ ಎತ್ತಿಕೊಂಡು, ಹಬೆ ಬಿಡುತ್ತ ತಿರುವಿನ ಬದಿಗೆ ನಿಂತ ಹಳೆಯ ಜೀಪೂ ಹೊಸ ನೋಟವಲ್ಲ. ಹೆದ್ದಾರಿ ಬಿಟ್ಟು ತೋಟದ ಮಣ್ಣು ದಾರಿ ಹಿಡಿದರಂತೂ ಏರು ಇನ್ನೂ ಕಡಿದು. ಗೊಬ್ಬರ, ಸೊಪ್ಪು, ದರಕು, ಅಡಿಕೆ ಚೀಲ ಎಲ್ಲವನ್ನೂ ಹೊರುವುದು ಅದೇ ಜೀಪು. ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಡಾಂಬರು ರಸ್ತೆಗೆ ಮುಟ್ಟಿಸುವುದೂ ಅದೇ. ಅದು ಕುದಿದು ನಿಂತರೆ ಮನೆಯ ಕೆಲಸವೇ ನಿಂತಂತೆ.

ಜೀಪು ಕುದಿಯತೊಡಗಿದೊಡನೆ ನಾಲ್ಕು ಜನ ಹೇಳುವ ಸಲಹೆ ಒಂದೇ: "ದೊಡ್ಡ ರೇಡಿಯೇಟರ್ ಹಾಕಿಸಿಬಿಡಿ." ಹಾಕಿಸುತ್ತೀರಿ, ಹಣ ಖರ್ಚಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಅದೇ ತಿರುವಿನಲ್ಲಿ ಮತ್ತೆ ಹಬೆ. ಏಕೆಂದರೆ ಏರಿನಲ್ಲಿ ಕುದಿಯುವ ಎಷ್ಟೋ ಜೀಪುಗಳಿಗೆ ಕೊರತೆಯಿರುವುದು ನೀರಿನದಲ್ಲ, ಗಾಳಿಯದು.

ಏರಿನಲ್ಲಿ ಆಗುವುದೇನು?

ಎಂಜಿನ್ನಿನಲ್ಲಿ ಉರಿದ ಎಣ್ಣೆಯ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲು ತಂಪು ಮಾಡುವ ನೀರಿಗೆ ಸೇರುತ್ತದೆ. ಆ ನೀರು ರೇಡಿಯೇಟರಿನ ಕೊಳವೆಗಳಲ್ಲಿ ಹರಿಯುವಾಗ ಗಾಳಿಗೆ ಶಾಖ ಬಿಟ್ಟುಕೊಡಬೇಕು. ಬಯಲು ರಸ್ತೆಯಲ್ಲಿ ಗಾಡಿಯ ಓಟಕ್ಕೇ ಗಾಳಿ ನುಗ್ಗುತ್ತದೆ. ಆದರೆ ಹೊರೆ ಹೇರಿಕೊಂಡು ಒಂದನೇ, ಎರಡನೇ ಗೇರಿನಲ್ಲಿ ಏರು ಹತ್ತುವಾಗ ಎಂಜಿನ್ನಿಗೆ ದುಡಿಮೆ ಹೆಚ್ಚು, ಗಾಡಿಗೆ ವೇಗವಿಲ್ಲ. ಆಗ ಗಾಳಿಗೆ ಫ್ಯಾನೊಂದೇ ಗತಿ.

1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪನ್ನು ಕಾಲು ಟನ್ ಗಾಡಿಯೆಂದೇ ಕರೆದಿದ್ದರು. ಅದೇ ವಂಶದ ಜೀಪುಗಳನ್ನು ಮಹೀಂದ್ರ ಕಂಪನಿ ನಮ್ಮ ದೇಶದಲ್ಲಿ 1940ರ ದಶಕದ ಕೊನೆಯಿಂದ ಹೊರತಂದಿತು. ನಾವು ಅದರ ಮೇಲೆ ಹೇರುವ ಹೊರೆ ಎಷ್ಟೆಂಬುದು ನಮಗೇ ಗೊತ್ತು. ಸಾಲದ್ದಕ್ಕೆ, ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಕೂರಿಸಿದ ಜೀಪುಗಳೂ ಉಂಟು. ಇವುಗಳಲ್ಲಿ ಫ್ಯಾನು ರೇಡಿಯೇಟರಿನ ನಡುಮಧ್ಯಕ್ಕೆ ಬಾರದೆ ಒಂದು ಬದಿಗೋ ಕೆಳಗೋ ಸರಿದಿರಬಹುದು. ಅಂಥ ಫ್ಯಾನು ರೇಡಿಯೇಟರಿನ ಒಂದು ಭಾಗಕ್ಕೆ ಮಾತ್ರ ಗಾಳಿ ಎಳೆಯುತ್ತದೆ, ಉಳಿದ ಭಾಗ ಇದ್ದೂ ಇಲ್ಲದಂತೆ.

ರೋಗ ಯಾವುದೆಂದು ಗುರುತಿಸಿರಿ

ಖರ್ಚಿಗೆ ಕೈ ಹಾಕುವ ಮೊದಲು ಜೀಪು ಎಲ್ಲಿ ಕುದಿಯುತ್ತದೆಂದು ಗಮನಿಸಿರಿ. ಏರಿನಲ್ಲಿ, ನಿಧಾನದ ಓಟದಲ್ಲಿ ಮಾತ್ರ ಕುದಿದರೆ ಗಾಳಿಯ ಕೊರತೆ. ಮಟ್ಟಸ ರಸ್ತೆಯ ವೇಗದ ಓಟದಲ್ಲೂ ಕುದಿದರೆ ರೇಡಿಯೇಟರಿನ ಒಳಗೆ ಕೆಸರು ಕಟ್ಟಿದೆ, ಇಲ್ಲವೇ ವಾಟರ್ ಪಂಪ್ ಸೋತಿದೆ. ಎಂಜಿನ್ ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ರೇಡಿಯೇಟರಿನ ಬಾಯಲ್ಲಿ ಎಡೆಬಿಡದೆ ಗುಳ್ಳೆ ಏಳುತ್ತಿದ್ದರೆ, ಅಥವಾ ಎಂಜಿನ್ ಆಯಿಲ್ ಮಜ್ಜಿಗೆಯ ಹಾಗೆ ಬೆಳ್ಳಗಾಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಆಗ ಮೊದಲು ಮಿಸ್ತ್ರಿಯ ಬಳಿಗೆ ಹೋಗಿರಿ. ಕೆಳಗಿನ ಉಪಾಯಗಳು ಅದಕ್ಕಲ್ಲ.

ಖರ್ಚಿಲ್ಲದ ಕೆಲಸ ಮೊದಲು

ರೇಡಿಯೇಟರಿನ ತೆಳು ರೆಕ್ಕೆಗಳ ನಡುವೆ ಕೆಸರು, ದರಕಿನ ಪುಡಿ, ಅಡಿಕೆ ಸಿಪ್ಪೆಯ ನಾರು, ಹುಳುಹುಪ್ಪಡಿ ಸೇರಿರುತ್ತವೆ. ಎಂಜಿನ್ ತಣ್ಣಗಿರುವಾಗ ಒಳಗಿನಿಂದ ಹೊರಗೆ, ಅಂದರೆ ಫ್ಯಾನಿನ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ಕೊಳೆ ಔಷಧಿ ಹೊಡೆಯುವ ಪಂಪಿನ ಪಿಚಕಾರಿಯನ್ನು ಹತ್ತಿರ ಹಿಡಿಯಬೇಡಿ. ರೆಕ್ಕೆಗಳು ಮಡಚಿ ಗಾಳಿಯ ದಾರಿ ಇನ್ನಷ್ಟು ಮುಚ್ಚುತ್ತದೆ. ಜಾಲರಿಯ ಮುಂದೆ ಕಟ್ಟಿದ ಫಲಕ, ದೊಡ್ಡ ದೀಪಗಳಿದ್ದರೆ ತೆಗೆಯಿರಿ. ಫ್ಯಾನ್ ಬೆಲ್ಟನ್ನು ಎರಡು ಗಾಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ತಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಜಾರುತ್ತದೆ.

ಮುಖ್ಯವಾದ ಬದಲಾವಣೆ: ಫ್ಯಾನಿನ ಶ್ರೌಡ್

ರೇಡಿಯೇಟರಿನ ಹಿಂಬದಿಯಿಂದ ಫ್ಯಾನಿನ ಸುತ್ತಲವರೆಗೆ ಬರುವ ತಗಡಿನ ಗೂಡಿಗೆ ಶ್ರೌಡ್ ಎನ್ನುತ್ತಾರೆ. ಎಷ್ಟೋ ಜೀಪುಗಳಲ್ಲಿ ಇದು ಇಲ್ಲ. ಇದ್ದುದನ್ನೂ ರಿಪೇರಿಯ ವೇಳೆ ಬಿಚ್ಚಿ, ಮರಳಿ ಕೂರಿಸದೆ ಬಿಟ್ಟಿರುತ್ತಾರೆ. ಶ್ರೌಡ್ ಇಲ್ಲದ ಫ್ಯಾನು ಎಂಜಿನ್ ಕಡೆಯ ಬಿಸಿ ಗಾಳಿಯನ್ನೇ ಸುತ್ತಿ ಸುತ್ತಿ ಬಡಿಯುತ್ತದೆ. ಶ್ರೌಡ್ ಇದ್ದರೆ ಅದು ಎಳೆಯುವ ಗಾಳಿಯೆಲ್ಲ ರೇಡಿಯೇಟರಿನ ಮೂಲಕವೇ ಬರಬೇಕು.

ತಗಡಿನ ಕೆಲಸ ಬಲ್ಲ ಯಾರಾದರೂ ಇದನ್ನು ಮಾಡಿಕೊಡಬಲ್ಲರು. ಮಾಡಿಸುವಾಗ ಈ ಅಂಶಗಳನ್ನು ನೆನಪಿಡಿರಿ:

1. ಶ್ರೌಡ್ ರೇಡಿಯೇಟರಿನ ಪೂರ್ತಿ ಮೈಯನ್ನು ಆವರಿಸಬೇಕು. ಅಂಚಿನ ಸಂದುಗಳಿಗೆ ರಬ್ಬರ್ ಪಟ್ಟಿ ಕೊಡಿ.

2. ಫ್ಯಾನಿನ ರೆಕ್ಕೆಯ ತುದಿಗೂ ಶ್ರೌಡಿನ ಬಳೆಗೂ ಸುತ್ತಲೂ ಮುಕ್ಕಾಲರಿಂದ ಒಂದು ಅಂಗುಲ ಅಂತರವಿರಲಿ. ಎಂಜಿನ್ ತನ್ನ ರಬ್ಬರಿನ ಮೇಲೆ ಅಲುಗುತ್ತದೆ, ರೇಡಿಯೇಟರ್ ಅಲುಗುವುದಿಲ್ಲ. ಅಂತರ ಕಡಿಮೆಯಾದರೆ ಹೊಂಡದ ದಾರಿಯಲ್ಲಿ ಫ್ಯಾನು ತಗಡಿಗೆ ಬಡಿಯುತ್ತದೆ.

3. ರೆಕ್ಕೆಯ ಅಗಲದಲ್ಲಿ ಅರ್ಧದಷ್ಟು ಬಳೆಯ ಒಳಗೆ, ಅರ್ಧದಷ್ಟು ಹೊರಗೆ ಇರಬೇಕು. ಪೂರ್ತಿ ಒಳಗೆ ಮುಳುಗಿದರೂ ಪೂರ್ತಿ ಹೊರಗುಳಿದರೂ ಗಾಳಿ ಕಡಿಮೆ.

4. ಶ್ರೌಡ್ ಎರಡು ಹೋಳಾಗಿರಲಿ. ಬೆಲ್ಟು ಬದಲಿಸುವಾಗ ರೇಡಿಯೇಟರ್ ಇಳಿಸುವ ಕಷ್ಟ ತಪ್ಪುತ್ತದೆ.

ಎಂಜಿನ್ ಬದಲಾಗಿ ಫ್ಯಾನು ಪಕ್ಕಕ್ಕೆ ಸರಿದ ಜೀಪುಗಳಿಗೂ ಇದರಿಂದ ಲಾಭವುಂಟು. ಬಳೆ ಫ್ಯಾನಿದ್ದಲ್ಲಿ ಇರಲಿ, ಗೂಡು ಮಾತ್ರ ರೇಡಿಯೇಟರ್ ಪೂರ್ತಿ ಹಿಡಿಯಲಿ.

ಬಳಿಕ ಏನೇನು?

ಶ್ರೌಡ್ ಹಾಕಿದ ಮೇಲೂ ಸಾಲದೆ ಹೋದರೆ ನಾಲ್ಕು ರೆಕ್ಕೆಯ ಫ್ಯಾನಿನ ಬದಲು ಆರು ರೆಕ್ಕೆಯದನ್ನು ಯೋಚಿಸಬಹುದು. ವಾಟರ್ ಪಂಪಿನ ಬೇರಿಂಗ್ ಗಟ್ಟಿಯಿದೆಯೇ ಎಂದು ಮೊದಲು ನೋಡಿರಿ. ರೇಡಿಯೇಟರಿನ ಒಳಗೆ ಕೆಸರಿದ್ದರೆ ಟ್ಯಾಂಕು ಬಿಚ್ಚಿಸಿ, ಕೊಳವೆಗಳಲ್ಲಿ ಸರಳು ಆಡಿಸಿ ಶುದ್ಧ ಮಾಡಿಸಿರಿ. ದೊಡ್ಡ ರೇಡಿಯೇಟರ್ ಕೊನೆಯ ಮಾತು. ವಿದ್ಯುತ್ ಫ್ಯಾನು ಹಾಕಬೇಕೆಂದಿದ್ದರೆ, ಡೈನಮೋ ಇರುವ ಹಳೆಯ ಜೀಪಿಗೆ ಅದರ ಭಾರ ತಾಳುವುದು ಕಷ್ಟ. ಆಲ್ಟರ್ನೇಟರ್ ಹಾಕಿಸಿದ ಮೇಲೆಯೇ ಅದರ ಮಾತು.

ಈ ಬದಲಾವಣೆಗಳಿಂದ ನೋಂದಣಿ ಪತ್ರದ ವಿವರ ಬದಲಾಗದು. ಆದರೆ ಎಂಜಿನ್ನನ್ನೇ ಬದಲಿಸುವುದಾದರೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಸಾರಿಗೆ ಕಚೇರಿಯ ಅನುಮತಿ ಬೇಕು.

ಮಾಡಬಾರದ ಎರಡು ಕೆಲಸ

ಕುದಿಯುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಮೊದಲ ತಪ್ಪು. ಅದಿಲ್ಲದೆ ಎಂಜಿನ್ ತಕ್ಕ ಬಿಸಿಗೆ ಬಾರದೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಬೈಪಾಸ್ ದಾರಿಯಿರುವ ಕೆಲವು ಎಂಜಿನ್ನುಗಳಲ್ಲಿ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಹಾಗೆಯೇ ಮರಳಿ, ಕುದಿತ ಹೆಚ್ಚಲೂಬಹುದು. ಅನುಮಾನವಿದ್ದರೆ ಹಳೆಯ ಪಾತ್ರೆಯ ನೀರಿನಲ್ಲಿ ಅದನ್ನು ಹಾಕಿ ಕಾಯಿಸಿರಿ. ಸುಮಾರು 80 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ತೆರೆಯತೊಡಗಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕಿರಿ.

ಎರಡನೆಯದು ಮುಚ್ಚಳದ ಅಲಕ್ಷ್ಯ. ಸಮುದ್ರಮಟ್ಟಕ್ಕಿಂತ ಸುಮಾರು 540 ಮೀಟರ್ ಎತ್ತರದ ಯಲ್ಲಾಪುರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. 7 ಪೌಂಡಿನ ಮುಚ್ಚಳ ಸರಿಯಿದ್ದರೆ ಈ ಮಟ್ಟ ಸುಮಾರು 10 ಡಿಗ್ರಿ ಮೇಲೇರುತ್ತದೆ. ರಬ್ಬರ್ ಸತ್ತ ಮುಚ್ಚಳದಿಂದ ಆ ಲಾಭವೇ ಇಲ್ಲ. ಹಾಗೆಂದು ಹಳೆಯ ರೇಡಿಯೇಟರಿಗೆ ಹೆಚ್ಚು ಪೌಂಡಿನ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ.

ಕೂಲಂಟ್ ಮತ್ತು ಕೊಟ್ಟಿಗೆ

ಬರೀ ಹಳ್ಳದ ನೀರಿನಿಂದ ಒಳಗೆ ತುಕ್ಕು ಹಿಡಿಯುತ್ತದೆ. ಶುದ್ಧ ನೀರಿಗೆ, ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ಹಾಕಿರಿ. ಆದರೆ ಒಂದು ಎಚ್ಚರಿಕೆ: ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಅಂಗಳದಲ್ಲಿ ಚೆಲ್ಲಿದರೆ ಕರುವೋ ನಾಯಿಯೋ ನೆಕ್ಕಿ ಸಾಯಬಹುದು. ಹಳೆಯದನ್ನು ಡಬ್ಬಿಗೆ ಹಿಡಿದು ಮುಚ್ಚಿಡಿರಿ. ಕೊಟ್ಟಿಗೆಯ ಹತ್ತಿರ, ಹಳ್ಳಕ್ಕೆ, ಬಾವಿಯ ಬಳಿ ಚೆಲ್ಲಬೇಡಿ. ಮಕ್ಕಳ ಕೈಗೂ ಸಿಗದಿರಲಿ.

ದಾರಿಯಲ್ಲಿ ಕುದಿದರೆ

ಮುಳ್ಳು ಮೇಲೇರುವುದು ಕಂಡೊಡನೆ ಬದಿಗೆ ನಿಲ್ಲಿಸಿರಿ. ನೀರು ಹೊರಹೋಗಿಲ್ಲವಾದರೆ ಗೇರು ತಪ್ಪಿಸಿ, ಎಂಜಿನ್ನನ್ನು ಒಂದೆರಡು ನಿಮಿಷ ಸ್ವಲ್ಪ ಜೋರಾಗಿ ಓಡಲು ಬಿಡಿ. ಹಬೆಯೊಂದಿಗೆ ನೀರೇ ಖಾಲಿಯಾಗಿದ್ದರೆ ಕೂಡಲೇ ಬಂದು ಮಾಡಿರಿ. ಮುಚ್ಚಳಕ್ಕೆ ಅರ್ಧ ಗಂಟೆ ಕೈ ಹಚ್ಚಬೇಡಿ. ಚಿಮ್ಮುವ ನೀರು ಮುಖ ಸುಡುತ್ತದೆ. ತಣಿದ ಬಳಿಕ ದಪ್ಪ ಗೋಣಿ ಹಾಕಿ ಮೊದಲ ಹಲ್ಲಿನವರೆಗೆ ತಿರುಗಿಸಿ, ಒತ್ತಡ ಇಳಿದ ಮೇಲೆ ತೆರೆಯಿರಿ. ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿದರೆ ಹೆಡ್ ಬಿರಿಯುತ್ತದೆ. ಎಂಜಿನ್ ತಣಿದ ಮೇಲೆ ಚಾಲೂ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿರಿ.

ಅಡಿಕೆ ಕೊಯ್ಲು ಶುರುವಾಗುವ ಮೊದಲು ಒಂದು ದಿನ ಈ ಕೆಲಸಕ್ಕೆ ಮೀಸಲಿಡಿರಿ. ತೊಳೆದು, ಬೆಲ್ಟು ಬಿಗಿದು, ಶ್ರೌಡ್ ಕೂರಿಸಿ, ಹೊರೆ ಹೇರಿ ಒಮ್ಮೆ ಏರು ಹತ್ತಿ ನೋಡಿರಿ. ಮುಳ್ಳು ನಿಂತಲ್ಲೇ ನಿಂತರೆ ದೊಡ್ಡ ರೇಡಿಯೇಟರಿನ ಹಣ ನಿಮ್ಮ ಕಿಸೆಯಲ್ಲೇ ಉಳಿಯಿತು.