ಉಣಬಡಿಸುವ ವಾಡೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ದೇಸಾಯಿ, ಇನಾಮದಾರರ ದೊಡ್ಡ ಮನೆಗೆ ವಾಡೆ ಎಂದು ಹೆಸರು. ಅದು ಬರೀ ವಾಸದ ಮನೆಯಲ್ಲ. ಕಂದಾಯದ ಕಚೇರಿ, ಕಾಳಿನ ಉಗ್ರಾಣ, ಬಂದವರಿಗೆಲ್ಲ ಊಟ ಹಾಕುವ ಜಾಗ ಎಲ್ಲವೂ ಅದೇ ಆಗಿತ್ತು. ಹಳೆಯ ವಾಡೆಯನ್ನು ಖಾನಾವಳಿ ಮಾಡಬಯಸುವವರು ಮೊದಲು ಅದರ ಕಟ್ಟಣೆಯನ್ನು ಓದಬೇಕು.

ಹೆಬ್ಬಾಗಿಲಿನ ಒಂದು ಕದದಲ್ಲಿ ಸಣ್ಣ ದಿಡ್ಡಿ ಬಾಗಿಲು. ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಒಳಗೆ ಎರಡೂ ಬದಿಗೆ ಕಟ್ಟೆ, ಆಮೇಲೆ ಬಯಲು ಅಂಗಳ, ಅಂಗಳದ ಅಂಚಿಗೆ ಮರದ ಕಂಬಗಳ ಪಡಸಾಲೆ. ಪಂಚಾಯ್ತಿ ಕೂಡುತ್ತಿದ್ದುದೂ ಊಟದ ಪಂಕ್ತಿ ಕೂರುತ್ತಿದ್ದುದೂ ಇಲ್ಲಿಯೇ. ಅಡಿಗೆಮನೆ, ಬಚ್ಚಲು ಹಿಂದಕ್ಕೆ, ಹಿತ್ತಲಿನ ಬಾವಿಗೆ ಸಮೀಪ; ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಗುತ್ತದೆ. ತೊಲೆ, ಜಂತಿಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದಿ, ದಪ್ಪ ಗೋಡೆ. ಬೇಸಗೆಯ ನಡುಮಧ್ಯಾಹ್ನವೂ ನಡುಮನೆ ತಂಪು.

ಕಿತ್ತೂರಿನ ಅರಮನೆ ಇದೇ ಕಟ್ಟಣೆಯ ದೊಡ್ಡ ರೂಪ. ಅಲ್ಲಪ್ಪಗೌಡ ಸರದೇಸಾಯಿ (ಆಳ್ವಿಕೆ 1660–1691) ರಾಜಧಾನಿಯನ್ನು ಸಂಪಗಾವಿಯಿಂದ ಕಿತ್ತೂರಿಗೆ ತಂದ ಮೇಲೆ ಕೋಟೆ, ಅರಮನೆ ಎದ್ದವು. 1824ರ ಡಿಸೆಂಬರಿನಲ್ಲಿ ಕೋಟೆ ಇಂಗ್ಲಿಷರ ಪಾಲಾಯಿತು. ಸೆರೆಯಾದ ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅರಮನೆಯ ಮಾಳಿಗೆ, ಮರಗೆಲಸ ಹೋಗಿ ಈಗ ಬೋಳು ಗೋಡೆಗಳು ನಿಂತಿವೆ. ಆದರೂ ಊಟದ ಸಾಲೆ, ನೀರಿನ ತೊಟ್ಟಿ, ನೀರು ಹರಿಸುತ್ತಿದ್ದ ಕೊಳವೆಯ ಜಾಡು ಉಳಿದಿವೆ. ಪಂಕ್ತಿ ಊಟಕ್ಕೆ ನೀರು ಎಷ್ಟು ಮುಖ್ಯ ಎಂಬುದನ್ನು ಕಟ್ಟಿದವರು ಬಲ್ಲವರಾಗಿದ್ದರು.

ಸವದತ್ತಿ ಸೀಮೆಯ ಸಿರಸಂಗಿಯ ವಾಡೆಗೆ ಬೇರೆ ದಾರಿ ಸಿಕ್ಕಿತು. ಅದರ ಒಡೆಯ ಲಿಂಗರಾಜ ದೇಸಾಯಿ (1861–1906) ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆ ಬರೆದಿಟ್ಟರು. ಒಂದು ಮನೆತನದ ಸಂಪತ್ತು ಊರೂರಿನ ಹುಡುಗರ ಫೀ ಆಯಿತು. ಹಳೆಯ ಮನೆತನದ ಆಸ್ತಿಗೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಗುವುದು ಕಷ್ಟ.

ಖಾನಾವಳಿಯೂ ವಾಡೆಗೆ ಒಗ್ಗುವ ಉಪಯೋಗವೇ. ರೊಟ್ಟಿ ಬಡಿಯುವುದು ಹಿಂದಿನ ಅಡಿಗೆಮನೆಯಲ್ಲಿ, ಊಟ ಪಡಸಾಲೆಯಲ್ಲಿ, ಕಾಯುವವರು ಕಟ್ಟೆಯ ಮೇಲೆ ಎಂದರೆ ಹೊಸ ಗೋಡೆ ಏಳಿಸುವ ಕೆಲಸವೇ ಇಲ್ಲ. ಕೆಡುಕು ಬರುವುದು ಸಿಮೆಂಟಿನಿಂದ. ಮಣ್ಣಿನ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಉದುರತೊಡಗುತ್ತದೆ. ಸುಣ್ಣದ ಗಾರೆ ತೇವವನ್ನು ಹೊರಬಿಡುತ್ತದೆ. ಪಾತ್ರೆ ತೊಳೆದ ನೀರು ತಳಪಾಯಕ್ಕೆ ಇಳಿಯಬಾರದು. ಅಂಗಳಕ್ಕೆ ತಗಡು ಹೊದಿಸಿದರೆ ಗಾಳಿ, ಬೆಳಕು ಎರಡೂ ಹೋದಂತೆ. ವಾಡೆ ಉಳ್ಳವರು ಅಂಗಳವನ್ನು ಬಯಲಾಗಿಯೇ ಬಿಡಲಿ, ಮಳೆಗಾಲಕ್ಕೆ ಮೊದಲು ಮೇಲ್ಮುದ್ದಿಗೆ ಮಣ್ಣು ಹಾಕಿಸಲಿ.